ಅಬ್ಬಿ ನೀರು ಕ್ಯಾರವಾನ್ ಹತ್ತಿದ್ದು

ನಮ್ಮ ಸಾಲಿನ ಮನೆಗಳವರು ನಮ್ಮಿಬ್ಬರ ಬಗ್ಗೆ ಒಂದು ಮಾತು ಹೇಳುತ್ತಿದ್ದರು. “ಗುಲಾಮ್ ಹುಸೇನ್ ಸಾಬ್ರು ಕೈಯಿಟ್ರೆ ಬಂಡೆಯಲ್ಲೂ ನೀರು ಬರ್ತದೆ. ಶಾಕಿರಕ್ಕ ಒಂದ್ಸಲ ನೋಡಿದ್ರೆ ಬರೋ ನೀರೂ ನಿಲ್ತದೆ.” ಇದರ ಮೊದಲರ್ಧವನ್ನು ನಾನೇ ಮೂರು ತಾಲ್ಲೂಕಿಗೆ ಹಂಚಿದ್ದೇನೆ. ಎರಡನೆಯ ಅರ್ಧ ಯಾರೋ ಹೊಟ್ಟೆಕಿಚ್ಚಿಗೆ ಸೇರಿಸಿದ್ದು ಎಂದು ಬಿಟ್ಟುಬಿಟ್ಟಿದ್ದೆ.

ಕೊಪ್ಪದ ಬಸ್ ಸ್ಟ್ಯಾಂಡಿನ ಹಿಂದೆ ನನ್ನದು ಪೈಪು, ನಲ್ಲಿ, ಮೋಟಾರಿನ ಅಂಗಡಿ. ಮನೆ ಹರಿಹರಪುರದ ಹೊರಗೆ, ಗುಡ್ಡದ ಬುಡದಲ್ಲಿ. ಶೃಂಗೇರಿಯಾಚೆಯ ಕೆರೆಕಟ್ಟೆಯಿಂದ ಹಿಡಿದು ನರಸಿಂಹರಾಜಪುರದವರೆಗೆ ಯಾರ ಮನೆಯಲ್ಲಿ ನೀರು ನಿಂತರೂ ಜನ ಮೊದಲು ಒತ್ತುವುದು ನನ್ನ ನಂಬರು. ನಾನು ಎತ್ತುತ್ತೇನೆ, ಹೋಗುತ್ತೇನೆ. ನನ್ನ ಹೆಸರು ಬೆಳೆದದ್ದೂ ಅದರಿಂದಲೇ, ನನ್ನ ಸಂಸಾರದ ತಕರಾರು ಬೆಳೆದದ್ದೂ ಅದರಿಂದಲೇ.

ತಕರಾರು ಇಷ್ಟು. ಮದುವೆಯ ಹೊಸದರಲ್ಲಿ, ಕಡಲಿನಲ್ಲಿ ಸೂರ್ಯ ಮುಳುಗುವುದನ್ನು ತೋರಿಸುತ್ತೇನೆ ಎಂದು ಶಾಕಿರಾಗೆ ಮಾತು ಕೊಟ್ಟಿದ್ದೆ. ಮಲ್ಪೆ ನಮ್ಮಲ್ಲಿಂದ ಮೂರು ಗಂಟೆಯ ದಾರಿ. ಆ ಮೂರು ಗಂಟೆಗೆ ನನಗೆ ಇಪ್ಪತ್ತಾರು ವರ್ಷ ಸಾಲಲಿಲ್ಲ. ಏಳು ಸಲ ಹೊರಟಿದ್ದೇವೆ, ಏಳು ಸಲವೂ ಯಾರದೋ ಮೋಟಾರು ಸುಟ್ಟಿದೆ. ಒಮ್ಮೆ ಆಗುಂಬೆಯವರೆಗೂ ಹೋಗಿ, ಅವಳಿಗೆ ಒಂದು ಗ್ಲಾಸ್ ಚಹಾ ಕುಡಿಸಿ, ವಾಪಸ್ ಕರೆತಂದ ಕೀರ್ತಿಯೂ ನನಗಿದೆ. ಇದರ ಮೇಲೆ ಅವಳಿಗೆ ಲಾಡ್ಜಿನ ಬಚ್ಚಲು ಎಂದರೆ ಆಗದು. “ಯಾರ್‍ಯಾರೋ ಕಾಲಿಟ್ಟ ಜಾಗದಲ್ಲಿ ಕೈಕಾಲು ತೊಳ್ಕೊಂಡು ನಮಾಜಿಗೆ ವಜೂ ಮಾಡೋದು ಹೇಗೆ?” ಎನ್ನುತ್ತಾಳೆ.

ಹಾಗಿರುವಾಗ ಚಿಕ್ಕಮಗಳೂರಿನ ಕಡೆ ಒಬ್ಬರು ಹೋಂಸ್ಟೇಯವರು ಕ್ಯಾರವಾನ್ ಮಾರುತ್ತಾರೆಂದು ತಿಳಿಯಿತು. ಜೀಪಿನ ಹಿಂದೆ ಕಟ್ಟಿ ಎಳೆದುಕೊಂಡು ಹೋಗುವ, ಚಕ್ರದ ಮೇಲಿನ ಪುಟ್ಟ ಮನೆ. ಒಳಗೆ ಹಾಸಿಗೆ, ಒಲೆ, ಬಚ್ಚಲು. ಹಾಸಿಗೆಯ ಅಡಿಯಲ್ಲಿ ಎಂಬತ್ತು ಲೀಟರಿನ ನೀರಿನ ಟ್ಯಾಂಕು. ನವೆಂಬರಿನ ಒಂದು ಬುಧವಾರ ಅದನ್ನು ಎಳೆದು ತಂದು ಅಂಗಳದಲ್ಲಿ ನಿಲ್ಲಿಸಿ, ದಿಗ್ವಿಜಯ ಮುಗಿಸಿ ಬಂದ ಸುಲ್ತಾನನ ಹಾಗೆ ಜೀಪಿನಿಂದಿಳಿದೆ.

“ಶಾಕಿರಾ, ಈ ಶನಿವಾರ ನಿನ್ನ ಬಚ್ಚಲು ನಿನ್ನ ಜೊತೆಗೇ ಮಲ್ಪೆಗೆ ಬರ್ತದೆ. ಫೋನ್ ಬಂದ್. ಯಾರ ಮೋಟಾರು ಸುಟ್ರೂ ಸುಡ್ಲಿ.”

ಅವಳು ಕ್ಯಾರವಾನಿನ ಸುತ್ತ ಒಂದು ಸುತ್ತು ಹಾಕಿದಳು. ನಾವು ಮನೆಯಲ್ಲಿ ಆಡುವುದು ಉರ್ದು. ಅವಳ ಮಾತನ್ನು ಕನ್ನಡಕ್ಕೆ ತರುವಾಗ ನಾನು ಅರ್ಧ ಖಾರ ತೆಗೆದಿದ್ದೇನೆ ಎಂಬುದು ಓದುವವರ ಗಮನದಲ್ಲಿರಲಿ.

“ನೋಡ್ರೀ, ಪಕ್ಕದ್ಮನೆ ಮಾಲತಿಯ ಸಂಘದವರೂ ಶನಿವಾರವೇ ಮಲ್ಪೆಗೆ ಹೊರಟಿದ್ದಾರೆ. ವ್ಯಾನ್ ಎರಡು ಗಂಟೆಗೆ ಬರ್ತದೆ. ಒಂದು ಸೀಟು ಖಾಲಿ ಇದೆಯಂತೆ, ನಂಗೆ ಅಂತ ಇಟ್ಕೊಂಡಿದ್ದಾರೆ. ಉಳಿಯೋದು ಅಲ್ಲೇ ಇರೋ ಮಾಲತಿಯ ಅಕ್ಕನ ಮನೆಯಲ್ಲಿ, ಬಚ್ಚಲೂ ಚೊಕ್ಕ ಇದೆಯಂತೆ.”

“ಅಂದ್ರೆ?”

“ಅಂದ್ರೆ, ಶನಿವಾರ ಎರಡು ಗಂಟೆಗೆ ನಿಮ್ಮ ಈ ಡಬ್ಬಿ ಹೊರಡೋ ಹಾಗಿದ್ರೆ ನಿಮ್ಮ ಜೊತೆ. ಇಲ್ಲದಿದ್ರೆ ಮಾಲತಿ ಜೊತೆ. ಈ ಸಲ ನಾನಂತೂ ಸೂರ್ಯ ಮುಳುಗೋದು ನೋಡೇ ನೋಡ್ತೀನಿ.”

ಮೂರು ದಿನ ಇತ್ತು. ಮೂರು ದಿನದಲ್ಲಿ ನಾನು ಮೂರು ಎಸ್ಟೇಟಿಗೆ ನೀರು ಹತ್ತಿಸಿದವನು. ನಕ್ಕುಬಿಟ್ಟೆ.

ಇಲ್ಲಿ ನಮ್ಮ ನೀರಿನ ಕಥೆ ಸ್ವಲ್ಪ ಹೇಳಬೇಕು. ನಮ್ಮ ಐದು ಮನೆಗೆ ನೀರು ಗುಡ್ಡದ ಮೇಲಿನ ಒರತೆಯಿಂದ ತಾನಾಗಿ ಇಳಿದು ಬರುತ್ತದೆ. ಅಬ್ಬಿ ನೀರು ಎನ್ನುತ್ತೇವೆ. ಪಂಪಿಲ್ಲ, ಕರೆಂಟಿಲ್ಲ. ಒಂದೇ ಪೈಪು, ಮನೆಮನೆಗೆ ಸಣ್ಣ ಕವಲು, ಕೊನೆಯ ಬಾಯಿ ನಮ್ಮ ಅಂಗಳದಲ್ಲಿ. ಆ ಬಾಯಿ ಹಗಲೂ ರಾತ್ರಿಯೂ ಸುರಿಯುತ್ತಲೇ ಇರಬೇಕು. ಹೆಚ್ಚಾದದ್ದು ಬಾಳೆಯ ಬುಡಕ್ಕೆ, ಅಲ್ಲಿಂದ ಹಳ್ಳಕ್ಕೆ, ಹಳ್ಳದಿಂದ ತುಂಗೆಗೆ. ನಮಗೆ ನೀರು ಬಾರದಿರುವುದು ಗೊತ್ತು. ನೀರನ್ನು ನಿಲ್ಲಿಸುವುದು ನಮ್ಮ ವಂಶದಲ್ಲೇ ಯಾರೂ ಕಲಿತ ವಿದ್ಯೆಯಲ್ಲ.

ಗುರುವಾರ ಬೆಳಿಗ್ಗೆ ಆ ಪೈಪಿನ ಬಾಯನ್ನು ಕ್ಯಾರವಾನಿನ ಮಗ್ಗುಲಲ್ಲಿದ್ದ, ಟ್ಯಾಂಕು ಮುಟ್ಟದೆ ನೇರ ಒಳಗಿನ ನಲ್ಲಿಗಳಿಗೆ ಹೋಗುವ ನೀರಿನ ಬಾಯಿಗೆ ಸಿಕ್ಕಿಸಿದೆ. ಒಳಗೆ ನಲ್ಲಿ ತಿರುಗಿಸಿದರೆ ನೀರು ಜಲಪಾತದ ಹಾಗೆ! ಶಾಕಿರಾ ಒಳಗಿನ ಒಲೆಯಲ್ಲಿ ಚಹಾ ಮಾಡಿದಳು. ಇಬ್ಬರೂ ಹಾಸಿಗೆಯ ಮೇಲೆ ಕೂತು ಕುಡಿದೆವು.

“ಹೇಗಿದೆ?” ಎಂದೆ.

“ಚಹಾ ಚೆನ್ನಾಗಿದೆ. ಆದ್ರೆ ನಾನು ಯಾಕೆ ತಣ್ಣಗಾಗ್ತಾ ಇದ್ದೀನಿ?”

ಎದ್ದು ನೋಡಿದರೆ ಹಾಸಿಗೆ ಕೆಳಗಿನಿಂದ ನೀರು ಕುಡಿಯುತ್ತಿದೆ. ಟ್ಯಾಂಕು ಗಂಟಲಮಟ್ಟ ತುಂಬಿ, ಮುಚ್ಚಳದ ಸಂದಿಯಿಂದ ಉಕ್ಕಿ, ಶಾಕಿರಾ ಕೂತಿದ್ದ ಕಡೆಗೇ ಹರಿದಿತ್ತು. ನಾನು ಕೂತಿದ್ದ ಕಡೆ ಒಣಗಿತ್ತು. ಇದನ್ನು ಅವಳು ಆಕಸ್ಮಿಕ ಎಂದು ಇವತ್ತಿಗೂ ಒಪ್ಪಿಲ್ಲ.

“ಗಾಳಿ ಹೋಗೋ ಕೊಳವೆ ಕಟ್ಟಿದೆ,” ಎಂದು ತೀರ್ಪು ಕೊಟ್ಟೆ. ಸರಿಯಾಗಿಯೇ ಹೇಳಿದ್ದೆ. ತಂತಿ ಹಾಕಿ ಕೆದಕಿದರೆ ಕಣಜದ ಹುಳ ಕಟ್ಟಿದ ಮಣ್ಣಿನ ಗೂಡು ಹೊರಬಂತು. ಅದನ್ನು ಅಂಗೈಯಲ್ಲಿಟ್ಟುಕೊಂಡು ಉಳಿದ ನಾಲ್ಕೂ ಮನೆಗೆ ತೋರಿಸಿ ಬಂದೆ. ವಾಪಸ್ ಬಂದು ನೋಡಿದರೆ, ಹಾಸಿಗೆಗೆ ಹೋಗುತ್ತಿದ್ದ ನೀರಿನ ಜೊತೆಗೆ ಆ ಕೊಳವೆಯಿಂದಲೂ ಕಾರಂಜಿ ಏಳುತ್ತಿತ್ತು.

“ಮೊದಲು ಒಂದು ಕಡೆ ಸೋರ್ತಿತ್ತು,” ಎಂದಳು ಶಾಕಿರಾ. “ಈಗ ಎರಡು ಕಡೆ. ಕೈಗುಣ ಅಂದ್ರೆ ಇದು.”

ಶುಕ್ರವಾರ ಎರಡನೆಯ ತೀರ್ಪು: ಅಂಗಳ ಇಳಿಜಾರು, ಗಾಡಿ ವಾಲಿದೆ. ನಮ್ಮೂರಲ್ಲಿ ವಾಲದ ನೆಲ ಎಲ್ಲಿದೆ? ಜಾಕ್ ಹಾಕಿ ಒಂದು ಚಕ್ರ ಎತ್ತಿ, ಅಡಿಗೆ ಕಲ್ಲು ಕೊಟ್ಟೆ. ಸಮವಾಯಿತೋ ಇಲ್ಲವೋ ಎಂದು ನೋಡಲು ಒಳಗೆ ನೆಲದ ಮೇಲೆ ಒಂದು ತಟ್ಟೆಯಲ್ಲಿ ನೀರಿಟ್ಟೆ. ತಟ್ಟೆಯ ನೀರು ಎಷ್ಟು ಸಮವಾಗಿ ನಿಂತಿತೆಂದರೆ ನೋಡಿ ಕಣ್ಣು ತುಂಬಿ ಬಂತು. ಅಷ್ಟರಲ್ಲಿ ಟ್ಯಾಂಕಿನ ನೀರು ಬಂದು ತಟ್ಟೆಯನ್ನೇ ತೇಲಿಸಿಕೊಂಡು ಬಾಗಿಲಿಗೆ ಹೋಯಿತು. ಈ ಸಲ ಹಾಸಿಗೆಯ ಎರಡೂ ಮಗ್ಗುಲು ಒದ್ದೆ. ಸಮವಾಗಿ.

ಮಾಲತಿ ಬೇಲಿಯಾಚೆಯಿಂದ ಇಣುಕಿದಳು. “ಹುಸೇನಣ್ಣ, ಮೀನು ಬಿಡ್ತೀರಾ ಹೇಗೆ?”

“ನಾಳೆ ಎರಡು ಗಂಟೆಗೆ ನೋಡ್ತಾ ಇರು ಮಾರಾಯ್ತಿ. ನಿನ್ನ ವ್ಯಾನಿಗಿಂತ ಮುಂದೆ ಹೋಗ್ತೀವಿ.”

“ಸೀಟು ಇಟ್ಟೇ ಇಟ್ಟಿರ್ತೀನಿ ಶಾಕಿರಕ್ಕ,” ಎಂದು ಅವಳು ನನ್ನನ್ನು ದಾಟಿ ಕೂಗಿ ಹೇಳಿದಳು.

ಆಗ ನಾನು ಕ್ಯಾರವಾನಿನೊಳಗಿದ್ದ ಸಣ್ಣ ಪಂಪನ್ನು ಬಿಚ್ಚಿದೆ. ಬಿಚ್ಚಿದ ಕ್ಷಣವೇ ನನಗೆ ರೋಗ ತಿಳಿಯಿತು. ತಿಳಿದದ್ದನ್ನು ಶಾಕಿರಾಗೆ ಹೇಳಲು ಮಾತ್ರ ಸಂಜೆಯ ಮಗ್ರಿಬ್ ನಮಾಜಿನವರೆಗೆ ಸಮಯ ತೆಗೆದುಕೊಂಡೆ. ಟ್ಯಾಂಕಿನ ನೀರನ್ನು ನಲ್ಲಿಗೆ ತಳ್ಳುವ ಆ ಪಂಪಿನ ಬಾಯಲ್ಲಿ ಒಂದು ವಾಲ್ವ್ ಇರುತ್ತದೆ. ಹೊರಗಿನ ಪೈಪಿನಿಂದ ಬಂದ ನೀರು ಹಿಂದಕ್ಕೆ ನುಗ್ಗಿ ಟ್ಯಾಂಕು ಸೇರದಂತೆ ತಡೆಯುವ ಬಾಗಿಲು ಅದು. ನಮ್ಮ ಪಂಪಿನಲ್ಲಿ ಅದು ಇರಲಿಲ್ಲ.

“ಕದ್ದಿದ್ದಾರಾ?” ಎಂದಳು.

“ಇಲ್ಲ.”

“ಬಿದ್ದುಹೋಯ್ತಾ?”

“ಬುಧವಾರ ಸಂಜೆ ನಾನೇ ತೆಗೆದೆ.”

ಅವಳು ತಲೆಯ ಮೇಲಿನ ದುಪಟ್ಟಾ ಸರಿಮಾಡಿಕೊಂಡಳು. ಇದು ಒಳ್ಳೆಯ ಲಕ್ಷಣವಲ್ಲ.

“ನೋಡು,” ಎಂದೆ, “ನಮ್ಮ ಅಬ್ಬಿ ಪೈಪಿನ ಕೆಲಸದಲ್ಲಿ ಅದೊಂದು ಕಟ್ಟಳೆ. ವಾಲ್ವ್ ಕಂಡ್ರೆ ಕಿತ್ತು ಬಿಸಾಕೋದು. ಎಲೆ ಚೂರು, ಮರಳು ಎಲ್ಲಾ ಅದರಲ್ಲೇ ಸಿಕ್ಕಿ ನೀರು ನಿಲ್ತದೆ. ಮೂವತ್ತು ವರ್ಷದಿಂದ ಕೀಳ್ತಾ ಬಂದಿದ್ದೀನಿ. ಕೈ ತಾನಾಗೇ ಹೋಯ್ತು.”

“ಈಗ ಎಲ್ಲಿದೆ ಅದು?”

ಅದು ನರಸಿಂಹರಾಜಪುರದಲ್ಲಿತ್ತು. ಗುರುವಾರ ಅಂಗಡಿಗೆ ಬಂದಿದ್ದ ಯೋಗೇಶ ಎಂಬ ಗಿರಾಕಿಗೆ, ತೋಟಕ್ಕೆ ಔಷಧಿ ಹೊಡೆಯುವ ಪಂಪಿಗೆ ಬೇಕೆಂದದ್ದಕ್ಕೆ, ಇಟ್ಟುಕೊಳ್ಳಿ ಎಂದು ಕೊಟ್ಟುಬಿಟ್ಟಿದ್ದೆ. ಫೋನ್ ಮಾಡಿದರೆ ಅವನು, “ಸಾಬ್ರೆ, ಒಂದು ಹನಿ ಹಿಂದೆ ಬರ್ತಿಲ್ಲ, ಭಾರೀ ಒಳ್ಳೆ ವಾಲ್ವ್, ನಿಮ್ಮ ಹೆಸರು ಹೇಳಿ ಕೆಲಸ ಮಾಡ್ತಿದ್ದೀನಿ,” ಎಂದ. ವಾಪಸ್ ಕೊಡು ಎನ್ನಲು ನಾಲಿಗೆ ಬರಲಿಲ್ಲ. ನನ್ನ ಅಂಗಡಿಯಲ್ಲಿ ಸಾವಿರ ವಾಲ್ವುಗಳಿವೆ, ಆ ಅಳತೆಯದು ಒಂದೂ ಇಲ್ಲ.

ಆದರೆ ಗುಲಾಮ್ ಹುಸೇನ್ ಸೋಲುವ ಪೈಕಿಯವನಲ್ಲ. ಶನಿವಾರ ಬೆಳಿಗ್ಗೆ ಅಂಗಡಿಗೆ ಹೋಗಿ ದಪ್ಪದೊಂದು ಹಿತ್ತಾಳೆಯ ನಲ್ಲಿ ತಂದು, ಅಬ್ಬಿ ಪೈಪಿನ ಕೊನೆಯ ಬಾಯಿಗೇ ಹಾಕಿದೆ. ಟ್ಯಾಂಕು ತುಂಬಿಸಿದೆ. ನಲ್ಲಿ ತಿರುಗಿಸಿದೆ. ಆ ಅಂಗಳದಲ್ಲಿ ಅಜ್ಜನ ಕಾಲದಿಂದ ಸುರಿಯುತ್ತಿದ್ದ ನೀರು, ನನ್ನ ಎರಡು ಬೆರಳಿನ ಅಡಿಯಲ್ಲಿ, ನಿಂತಿತು.

ಎಂಥ ಮೌನ! ಬಾಳೆಯ ಗಿಡಗಳೂ ತಲೆ ತಿರುಗಿಸಿ ನೋಡಿದಂತಾಯಿತು.

ಹಾಸಿಗೆಯನ್ನು ಬಿಸಿಲಿಗೆ ಹಾಕಿ ಒಣಗಿಸಿದೆವು. ಮಧ್ಯಾಹ್ನದ ನಮಾಜು ಮುಗಿಸಿ ಬಂದ ಶಾಕಿರಾ ಹಾಸಿಗೆಯ ನಾಲ್ಕೂ ಮೂಲೆ ಒತ್ತಿ ನೋಡಿದಳು. ಅಡಿಯ ಹಲಗೆ ಒತ್ತಿ ನೋಡಿದಳು. ಆಮೇಲೆ ಮನೆಯೊಳಗೆ ಹೋಗಿ, ತನ್ನ ಬ್ಯಾಗು ತಂದು ಕ್ಯಾರವಾನಿನೊಳಗಿಟ್ಟಳು. ಇಪ್ಪತ್ತಾರು ವರ್ಷದಲ್ಲಿ ಅವಳು ನನಗೆ ಕೊಟ್ಟ ಅತಿ ದೊಡ್ಡ ಸರ್ಟಿಫಿಕೇಟು ಅದು.

ಗಂಟೆ ಒಂದೂ ಮುಕ್ಕಾಲು. ಜೀಪು ಸ್ಟಾರ್ಟ್ ಮಾಡಿದೆ.

“ಹುಸೇನಣ್ಣ,” ಮಾಲತಿ ಕೈಯಲ್ಲಿ ಖಾಲಿ ಕೊಡ ಹಿಡಿದು ಬೇಲಿಯ ಬಳಿ ನಿಂತಿದ್ದಳು. “ಅಬ್ಬಿ ನೀರು ಬರ್ತಿಲ್ಲ.”

“ಒರತೆ ಬತ್ತಿರಬೇಕು.”

“ನವೆಂಬರಲ್ಲಾ?”

ಜೀಪು ಬಂದ್ ಮಾಡಿದೆ. ಮೇಲಿನ ಮೂರು ಮನೆಯಿಂದಲೂ ಕೊಡಗಳು ಇಳಿದು ಬಂದವು. ಅವುಗಳ ಹಿಂದೆಯೇ ಗುಡ್ಡದ ಕಡೆಯಿಂದ ಜಟ್ಟಪ್ಪ ಬಂದ. ಅಬ್ಬಿ ಪೈಪಿನ ಮೇಲ್ವಿಚಾರಣೆ ಅವನದು. ಎಲೆ ಸಿಕ್ಕಿದರೆ ಕತ್ತಿ ಹಿಡಿದು ಹತ್ತುವವನು ಅವನೇ. ಈಗ ತಲೆಯಿಂದ ಕಾಲಿನವರೆಗೆ ನೀರು ಸುರಿಯುತ್ತಿತ್ತು.

“ಯಾರು ನಲ್ಲಿ ಹಾಕಿದ್ದು?” ಎಂದ.

ಎಲ್ಲರೂ ನನ್ನನ್ನು ನೋಡಿದರು. ನಾನು ಶಾಕಿರಾಳನ್ನು ನೋಡಿದೆ. ಶಾಕಿರಾ ನಲ್ಲಿಯನ್ನು ನೋಡಿದಳು.

“ಎಂತ ಸಾಬ್ರೆ, ನಿಮಗೆ ಗೊತ್ತಿಲ್ದೇ ಇರೋದಾ? ಮೇಲೆ ಪೈಪಿಗೆ ಪೈಪು ತುರುಕಿ ಸೈಕಲ್ ಟ್ಯೂಬ್ ಸುತ್ತಿದ್ದು, ಅಷ್ಟೇ. ಬಾಯಿ ಕಟ್ಟಿದ್ರೆ ನೀರು ಸುಮ್ನಿರ್ತದಾ? ನಾಲ್ಕು ಕಡೆ ಕಿತ್ಕೊಂಡು ಹೋಗಿದೆ. ಒಂದು ಪೈಪು ನನ್ನ ಮೇಲೇ ಹಾರ್‍ತು.”

ನಮ್ಮ ಸಾಲಿನಲ್ಲಿ ಒಂದು ಕಾಯಿದೆ ಇದೆ. ಯಾರಿಂದ ನೀರು ನಿಂತಿತೋ ಅವರೇ ಗುಡ್ಡ ಹತ್ತಬೇಕು. ಕೂಲಿಯಾಳು ಕಳಿಸುವ ಹಾಗಿಲ್ಲ, ನಾಳೆ ಎನ್ನುವ ಹಾಗಿಲ್ಲ. ಆ ಕಾಯಿದೆ ಮಾಡಿದ ಸಭೆಯಲ್ಲಿ ಅದಕ್ಕಾಗಿ ಜೋರಾಗಿ ವಾದಿಸಿದವನು ನಾನೇ.

ಎರಡು ಗಂಟೆಗೆ ಸರಿಯಾಗಿ ವ್ಯಾನು ಬಂದು ಹಾರ್ನ್ ಹೊಡೆಯಿತು. ಶಾಕಿರಾ ಕ್ಯಾರವಾನ್ ಹತ್ತಿ ತನ್ನ ಬ್ಯಾಗು ತೆಗೆದುಕೊಂಡಳು.

“ಒಂದು ಗಂಟೆ ತಡಿ,” ಎಂದೆ. “ಜೋಡಿಸಿ ಬಂದುಬಿಡ್ತೀನಿ.”

“ಇಪ್ಪತ್ತಾರು ವರ್ಷ ತಡೆದಿದ್ದೀನಿ ರೀ.” ಬೈಯುವ ದನಿಯಲ್ಲಿ ಹೇಳಲಿಲ್ಲ. ಅದೇ ಕಷ್ಟವಾದದ್ದು. “ಅನ್ನ ಮುಚ್ಚಿಟ್ಟಿದ್ದೀನಿ. ಮೇಲೆ ಕಾಲು ಜಾರ್ತದೆ, ಹುಷಾರು.”

ವ್ಯಾನು ಹೋಯಿತು. ನಾನು ಪೈಪಿನ ತುಂಡು ಹೆಗಲಿಗೆ ಹಾಕಿ ಗುಡ್ಡ ಹತ್ತಿದೆ.

ನಾಲ್ಕು ಜೋಡಣೆ, ಮೂರು ಗಂಟೆ. ನಾನು ಪೈಪು ಹಿಡಿದೆ, ಜಟ್ಟಪ್ಪ ಟ್ಯೂಬು ಸುತ್ತಿದ. ಮೂರನೆಯ ಜೋಡಣೆಯಲ್ಲಿ, ನನ್ನ ವಿದ್ಯೆ ಪೂರ್ತಿ ಹಾಳಾಗಿಲ್ಲ ಎಂದು ತೋರಿಸಲು, ಟ್ಯಾಂಕು, ವಾಲ್ವು, ಹಿಂದಕ್ಕೆ ನುಗ್ಗುವ ನೀರು, ಎಲ್ಲವನ್ನೂ ಅವನಿಗೆ ವಿವರಿಸಿದೆ. ಅವನು ತಾಳ್ಮೆಯಿಂದ ಕೇಳಿದ.

“ವಾಲ್ವ್ ಇಲ್ದೇ ಇದ್ದಿದ್ದಕ್ಕೇ ಎರಡು ದಿನ ಪೈಪು ಉಳೀತು ಸಾಬ್ರೆ. ನಿಮ್ಮ ಹಾಸಿಗೆ ಮೇಲಾದ್ರೂ ಹೋಗ್ಲಿಕ್ಕೆ ಅದಕ್ಕೆ ದಾರಿ ಇತ್ತು.”

“ಅದು ಸರಿ. ಆದ್ರೆ ಟ್ಯಾಂಕು ಉಕ್ಕೋದನ್ನು ನಿಲ್ಲಿಸ್ಬೇಕಲ್ಲ ಮಾರಾಯ?”

ಜಟ್ಟಪ್ಪ ಟ್ಯೂಬಿನ ತುದಿಯನ್ನು ಹಲ್ಲಿನಲ್ಲಿ ಕಚ್ಚಿ ಎಳೆದು ಗಂಟು ಹಾಕಿದ. ಆಮೇಲೆ, ಬಹಳ ಸಂಕೋಚದಿಂದ, ದೊಡ್ಡವರಿಗೆ ಹೇಳಬಾರದೇನೋ ಎಂಬಂತೆ ಕೇಳಿದ.

“ಅಲ್ಲ ಸಾಬ್ರೆ, ನಂಗೆ ತಿಳೀದೆ ಕೇಳ್ತೀನಿ. ಮಲ್ಪೆಗೆ ಹೋಗುವಾಗ ಈ ಅಬ್ಬಿ ಪೈಪನ್ನೂ ಎಳ್ಕೊಂಡು ಹೋಗ್ತೀರಾ?”

“ಪೈಪು ಯಾಕೆ?”

“ಮತ್ತೆ, ಪೈಪು ಸಿಕ್ಕಿಸಿದ್ರೆ ತಾನೇ ಅದು ಉಕ್ಕೋದು? ಎಂಟು ಕೊಡ ನೀರು ಹೊಯ್ಕೊಂಡು ಗುರುವಾರವೇ ಹೋಗಬಹುದಿತ್ತಲ್ಲ?”

ಕಾಡಿನಲ್ಲಿ ಒಂದು ಹಕ್ಕಿ ಕೂಗಿತು. ನಾನು ಪೈಪು ಹಿಡಿದುಕೊಂಡೇ ನಿಂತೆ. ಹೌದಲ್ಲ. ರಸ್ತೆಯಲ್ಲಿ ಹೋಗುವ ಗಾಡಿಗೆ ಪೈಪೇ ಇಲ್ಲ. ಮೂರು ದಿನ ನಾನು ರಿಪೇರಿ ಮಾಡಿದ್ದು ಇಲ್ಲದ ಕಾಯಿಲೆಯನ್ನು.

“ಇದನ್ನು ಶಾಕಿರಾಗೆ ಹೇಳ್ಬೇಡ,” ಎಂದೆ.

“ಅವರು ಗುರುವಾರವೇ ನನ್ನ ಹತ್ರ ಹೇಳಿದ್ರು. ‘ಎಷ್ಟು ದಿನಕ್ಕೆ ಹೊಳೀತದೆ ನೋಡೋಣ’ ಅಂದ್ರು.”

ಮನೆಗೆ ಬಂದು, ನಲ್ಲಿ ಕಿತ್ತು, ಅಬ್ಬಿ ನೀರನ್ನು ಬಾಳೆಯ ಬುಡಕ್ಕೆ ಬಿಟ್ಟು, ಬಟ್ಟೆ ಬದಲಿಸುವ ಹೊತ್ತಿಗೆ ಆರು ಗಂಟೆ. ಫೋನ್ ಬಂತು. ಯಾರ ಮೋಟಾರೂ ಅಲ್ಲ, ಶಾಕಿರಾ. ಹಿಂದೆ ಅಲೆಗಳ ಸದ್ದು.

“ಹೇಗಿದೆ?” ಎಂದೆ.

“ಇಷ್ಟೊಂದು ನೀರು ಇದೆ ರೀ. ಒಂದು ಹನಿಯೂ ನನ್ನ ಹಾಸಿಗೆ ಮೇಲಿಲ್ಲ.”

“ಸೂರ್ಯ?”

“ಅರ್ಧ ಹೋಗಿದ್ದಾನೆ. ಇನ್ನು ಸ್ವಲ್ಪ ಇದ್ದಾನೆ.” ನಾನು ಅಂಗಳದಲ್ಲಿ ನಿಂತು ಅವಳ ಉಸಿರು ಕೇಳಿದೆ. “ಮುಗೀತು.”

“ನಾನು ಇರ್ಬೇಕಿತ್ತು.”

“ಹೂಂ. ನಾಳೆ ಸಂಜೆವರೆಗೂ ಇಲ್ಲೇ ಇರ್ತೀವಿ. ನಾಳೆನೂ ಮುಳುಗ್ತಾನಂತೆ, ಮಾಲತಿ ವಿಚಾರಿಸಿದ್ಲು. ಬರೋದಾದ್ರೆ ಬಸ್ಸಲ್ಲಿ ಬನ್ನಿ. ಡಬ್ಬಿ ಬೇಡ.”

ಒಂದು ಜೊತೆ ಬಟ್ಟೆ ಚೀಲಕ್ಕೆ ಹಾಕಿದೆ. ಬೆಳಿಗ್ಗೆಯಿಂದ ಮನೆಯ ಹೊಸ್ತಿಲನ್ನು ಎಷ್ಟು ಸಲ ದಾಟಿದ್ದೆನೋ, ಲೆಕ್ಕವಿಲ್ಲ. ಆ ದಿನಕ್ಕೆ ಇದು ಕೊನೆಯ ಸಲ. ಬೀಗ ಹಾಕಿ, ಕ್ಯಾರವಾನಿನ ಕಡೆ ನೋಡದೆ, ಆರೂವರೆಯ ಬಸ್ಸಿಗೆ ಹೊರಟೆ.

ಗೇಟಿನಲ್ಲಿ ಜಟ್ಟಪ್ಪ ಎದುರಾದ. ನನ್ನ ಚೀಲ ನೋಡಿದ, ನನ್ನ ಮುಖ ನೋಡಿದ.

“ಎಲ್ಲಿಗೆ ಸಾಬ್ರೆ?”

“ಕಡಲಿಗೆ.”

ಅವನ ಮುಖದಲ್ಲಿ ನಿಜವಾದ ಕಳವಳ ಮೂಡಿತು.

“ಅಯ್ಯೋ, ಅಲ್ಲಿ ಎಂತ ಕೆಟ್ಟಿದೆ?”

ನಾನು ಗೇಟು ಮುಚ್ಚಿಕೊಂಡು ಹೋದೆ.