ಬೆಟ್ಟದ ಜೊತೆ ಮಾತು ಬಿಟ್ಟ ಮಾವ

ನನ್ನ ಸೋದರಮಾವ ಕುಮಾರಪರ್ವತವೆಂಬ ಬೆಟ್ಟದ ಜೊತೆ ಮಾತು ಬಿಟ್ಟಿದ್ದರು. ನಗಬೇಡಿ. ನಮ್ಮ ಕಡೆ ಅಣ್ಣ ತಮ್ಮಂದಿರು ಮಾತು ಬಿಡುವುದುಂಟು, ಬೇಲಿಯ ವಿಷಯದಲ್ಲಿ ನೆರೆಮನೆಯವರು ಮಾತು ಬಿಡುವುದುಂಟು. ಅವರೆಲ್ಲ ಮದುವೆಮನೆಯಲ್ಲಿ ಎದುರಾದಾಗ ಮುಖ ತಿರುಗಿಸಿಕೊಂಡರೆ ಕೆಲಸ ಮುಗಿಯಿತು. ಬೆಟ್ಟದ ಜೊತೆ ಮಾತು ಬಿಟ್ಟವರ ಕಷ್ಟ ಯೋಚಿಸಿ! ಅದು ಎಲ್ಲಿಗೂ ಹೋಗುವುದಿಲ್ಲ. ಬೆಳಿಗ್ಗೆ ಹಲ್ಲುಜ್ಜಲು ಅಂಗಳಕ್ಕಿಳಿದರೆ ಎದುರಿಗೇ ನಿಂತಿರುತ್ತದೆ. ಹಾಗಾಗಿ ಮಾವ ಅದಕ್ಕೆ ಬೆನ್ನು ಹಾಕಿ ಹಲ್ಲುಜ್ಜುತ್ತಿದ್ದರು.

ಸಾಲದ್ದಕ್ಕೆ ಅವರ ಕಸುಬು ಎಂಥದ್ದು ಗೊತ್ತೇ? ನೆಟ್ಟಣದ ರೈಲ್ವೆ ಸ್ಟೇಷನ್ನಿನಲ್ಲಿ ಆಟೋ ಓಡಿಸುವುದು. ರೈಲಿಳಿದು ಬರುವವರಲ್ಲಿ ಅರ್ಧ ಜನ ಸುಬ್ರಹ್ಮಣ್ಯಕ್ಕೆ ಹೋಗುವ ಭಕ್ತರು, ಉಳಿದರ್ಧ ಬೆನ್ನಿಗೆ ಚೀಲ ಏರಿಸಿಕೊಂಡು ಬೆಟ್ಟ ಹತ್ತಲು ಬಂದ ಹುಡುಗರು. ಅಂದರೆ, ಮಾತು ಬಿಟ್ಟ ನೆಂಟನ ಮನೆ ಬಾಗಿಲಿಗೆ ದಿನಾ ಅತಿಥಿಗಳನ್ನು ಮುಟ್ಟಿಸುವ ಕೆಲಸ!

ಜಗಳಕ್ಕೆ ಕಾರಣ ನಾನು. ನಮ್ಮ ಮನೆಯಲ್ಲಿ ನನಗಿಂತ ಮೊದಲು ಯಾರೂ ಕಾಲೇಜಿನ ಮೆಟ್ಟಿಲು ಹತ್ತಿರಲಿಲ್ಲ. ಅಮ್ಮ ಬೀಡಿ ಕಟ್ಟಿ ನನ್ನನ್ನು ಬಿಎಸ್ಸಿಗೆ ಕಳಿಸಿದ್ದರು. ನಾನು ಪಾಸಾಗಲಿ ಎಂದು ಮಾವ ಬೆಟ್ಟಕ್ಕೆ ಹರಕೆ ಹೊತ್ತರು. ಲೋಕದವರೆಲ್ಲ ಕೆಲಸ ಆದ ಮೇಲೆ ಹರಕೆ ತೀರಿಸುತ್ತಾರೆ. ಮಾವನಿಗೆ ಅಷ್ಟು ತಾಳ್ಮೆ ಎಲ್ಲಿಯದು? ಫಲಿತಾಂಶಕ್ಕೆ ಮೊದಲೇ ಬರಿಗಾಲಿನಲ್ಲಿ ತುದಿಯವರೆಗೆ ಹತ್ತಿ, ಕೈ ಮುಗಿದು, ಜಿಗಣೆಗಳಿಗೆ ಊಟ ಹಾಕಿ ಇಳಿದು ಬಂದರು. ನಾನು ರಸಾಯನಶಾಸ್ತ್ರದಲ್ಲಿ ಫೇಲಾದೆ.

ಆ ಸಂಜೆ ನಮ್ಮ ಜಗಲಿಯಲ್ಲಿ ಹಿರಿಯರೆಲ್ಲ ಬಾಯಿ ತೆರೆಯಲು ಸಿದ್ಧರಾಗಿ ಕೂತಿದ್ದರು. ದೊಡ್ಡಪ್ಪ ಗಂಟಲು ಸರಿಮಾಡಿಕೊಂಡು, "ಓದಿದ್ದು ಸಾಕು, ಇನ್ನು ಗಂಡು ನೋಡುವ" ಎಂದು ಆರಂಭಿಸಿದ್ದಷ್ಟೇ. ಮಾವ ಅಂಗಳಕ್ಕೆ ಹಾರಿ ಬೆಟ್ಟದ ಕಡೆ ತಿರುಗಿದರು.

"ಎಂತ, ಹತ್ತಿ ಬಂದವನಿಗೆ ಒಂದು ಮರ್ಯಾದೆ ಬೇಡವಾ? ನಮ್ಮ ಹುಡುಗಿ ಓದಿದ್ದಕ್ಕೆ ನಾನು ಸಾಕ್ಷಿ. ನೀನು ಎಂತ ಮಾಡಿದ್ದು? ಮೋಡ ಹೊದ್ದು ಮಲಗಿದ್ದು! ಇವತ್ತಿಂದ ನಿನಗೂ ನನಗೂ ಮಾತಿಲ್ಲ."

ಕತ್ತಲಾಗುವವರೆಗೆ ಬೈದರು. ಜಗಲಿಯವರಿಗೆ ನಗು ತಡೆಯಲಾಗಲಿಲ್ಲ. ನನ್ನನ್ನು ಬೈಯಬೇಕೆಂದಿದ್ದವರಿಗೆ ಮಾವನನ್ನು ಸಮಾಧಾನ ಮಾಡುವುದೇ ಕೆಲಸವಾಯಿತು. ಮುಂದಿನ ಸಲ ನಾನು ಪಾಸಾದೆ. ಈಗ ಪುತ್ತೂರಿನ ಕಾಲೇಜೊಂದರಲ್ಲಿ ಅದೇ ರಸಾಯನಶಾಸ್ತ್ರ ಪಾಠ ಮಾಡುತ್ತೇನೆ. ಮಾವನ ಜಗಳ ಮಾತ್ರ ಮುಗಿಯಲಿಲ್ಲ.

ನಮ್ಮಲ್ಲಿ ಮನೆಗೆ ಬಂದವರಿಗೆ ಮೊದಲು ಕೊಡುವುದು ಬೆಲ್ಲ, ನೀರು. ಮಾತು ಬಿಟ್ಟವರು ಆ ಮನೆಯ ನೀರು ಮುಟ್ಟುವುದಿಲ್ಲ. ಮಾವ ಈ ನಿಯಮವನ್ನು ಬೆಟ್ಟಕ್ಕೂ ಅನ್ವಯಿಸಿದರು! ಅಲ್ಲಿಂದ ಇಳಿದು ಬರುವ ತೊರೆಯ ನೀರು ಕುಡಿಯುತ್ತಿರಲಿಲ್ಲ. ದಾಹವಾದರೆ ಸ್ಟೇಷನ್ನಿನ ನಲ್ಲಿಗೆ ಹೋಗುತ್ತಿದ್ದರು.

"ಅದೂ ಬೆಟ್ಟದ ಬುಡದ್ದೇ ನೀರಲ್ಲವಾ ಮಾವ?" ಎಂದೆ.

"ಅದು ಕೇಂದ್ರ ಸರ್ಕಾರದ ನೀರು."

ನಾನು ಟೀಚರಲ್ಲವೇ, ಸುಮ್ಮನಿರಲಾದೀತೇ? ಮೇಲಿನ ಹುಲ್ಲುಗಾವಲು ಮಳೆಯನ್ನು ಹಿಡಿದಿಡುವುದು, ಕಣಿವೆಯ ಶೋಲಾ ಎಂಬ ದಟ್ಟ ಕಾಡು ಅದನ್ನು ಬೇಸಿಗೆಗೂ ಉಳಿಸಿ ಸ್ವಲ್ಪ ಸ್ವಲ್ಪವೇ ಕೆಳಗೆ ಬಿಡುವುದು, ಅದೇ ನೆಲದೊಳಗಿಂದ ಎಲ್ಲರ ಬಾವಿಗೂ ಬರುವುದು, ಎಲ್ಲವನ್ನೂ ಹೇಳಿದೆ. ನೀರು ಎಲ್ಲಿದ್ದರೂ ನೀರೇ ಎಂದೆ. ಮಾವ ಶಾಂತವಾಗಿ ಕೇಳಿ, "ಫೇಲಾದ ಸಬ್ಜೆಕ್ಟಿನಲ್ಲಿ ನನಗೆ ಪಾಠ ಮಾಡಬೇಡ ಮಗಾ" ಎಂದರು.

ಸ್ಟೇಷನ್ನಿನೆದುರು ಚಾ ಅಂಗಡಿ ಇಟ್ಟಿರುವ ಇಬ್ರಾಹಿಂ ಕಾಕ ಮಾವನ ಹಳೆಯ ಗೆಳೆಯ. "ನಿನ್ನ ಭಾವ ಇವತ್ತು ತಲೆ ತೋರಿಸಿದ್ದಾನೆ, ನೋಡು ಮಾರಾಯ" ಎಂದು ಬೆಟ್ಟದ ಕಡೆ ಕೈ ತೋರಿಸಿ ದಿನಾ ಕೆಣಕುತ್ತಿದ್ದರು.

"ತೋರಿಸಲಿ. ನಾನೆಂತ ಆರತಿ ಎತ್ತಬೇಕಾ?"

"ನನ್ನ ಚಾದ ನೀರು ತೊರೆಯದ್ದೇ, ಗೊತ್ತುಂಟಾ?"

"ಕುದಿಸಿದ ಮೇಲೆ ಸಂಬಂಧ ಹೋಗ್ತದೆ" ಎಂದು ಮಾವ ಇನ್ನೊಂದು ಗುಟುಕು ಹೀರುತ್ತಿದ್ದರು.

ಇಷ್ಟೆಲ್ಲ ಹಗೆ ಇದ್ದವರು ಬೆಟ್ಟವನ್ನು ಬೇರೆಯವರು ಬೈದರೆ ಖುಷಿಪಡಬೇಕು ತಾನೇ? ಇಲ್ಲ! ಒಮ್ಮೆ ಆಟೋದಲ್ಲಿದ್ದ ಹುಡುಗನೊಬ್ಬ ಬೆಟ್ಟ ನೋಡಿ, "ಇಷ್ಟೇನಾ? ನಾನೇನೋ ದೊಡ್ಡದು ಅಂದ್ಕೊಂಡಿದ್ದೆ" ಎಂದನಂತೆ. ಮಾವ ದಾರಿ ಮಧ್ಯೆಯೇ ಗಾಡಿ ನಿಲ್ಲಿಸಿದರು.

"ಇಳೀರಿ. ಜಗಳ ನನಗೂ ಅದಕ್ಕೂ. ಮಧ್ಯೆ ನೀವು ಯಾರು?"

ಹಾಡು ಹಾಕುವ ಸ್ಪೀಕರ್ ತಂದವರ ಪಾಡು ಇನ್ನೂ ಕಷ್ಟ. ಇಳಿದು ಬರುವವರೆಗೆ ಅದು ಮಾವನ ಸೀಟಿನ ಕೆಳಗೆ ಒತ್ತೆ. "ಮೇಲೆ ಕಾಟಿ ಉಂಟು, ಕಡವೆ ಉಂಟು, ಆನೆ ಉಂಟು. ನೀವು ಮಲಗುವ ಹೊತ್ತಿಗೆ ಕಡವೆ ನಿಮ್ಮ ಮನೆಗೆ ಬಂದು ಪದ್ಯ ಹಾಕಿದರೆ ನಿಮಗೆ ಆಗ್ತದಾ?" ಎಂದು ಕೇಳುತ್ತಾರೆ. ತಿಂಡಿಯ ಖಾಲಿ ಪೊಟ್ಟಣ ವಾಪಸು ತರದವರಿಗೆ ಹಿಂದಿರುಗುವ ಆಟೋ ಕೂಡ ಇಲ್ಲ.

ಕಳೆದ ವರ್ಷ ನನ್ನ ವಿದ್ಯಾರ್ಥಿಗಳನ್ನು ಬೆಟ್ಟದ ವನ್ಯಧಾಮದ ಅಂಚಿನವರೆಗೆ ಕಾಡು ತೋರಿಸಲು ಕರೆದೊಯ್ದೆ. ಮಕ್ಕಳು ವ್ಯಾನಿನಲ್ಲಿ, ನಾನು ಮಾವನ ಆಟೋದಲ್ಲಿ. ಮಾವನ ಮೊಣಕಾಲು ಆಗಲೇ ಕೈಕೊಟ್ಟಿತ್ತು. ಬ್ರೇಕ್ ಒತ್ತುವಾಗೆಲ್ಲ ಮುಖ ಹಿಂಡುತ್ತಿದ್ದರು. ಇನ್ನು ಇವರು ಆ ಬೆಟ್ಟ ಹತ್ತುವುದಿಲ್ಲ ಎಂದು ಹೊಳೆಯಿತು. ನನ್ನ ಪರೀಕ್ಷೆಯ ದೆಸೆಯಿಂದ ಮುರಿದ ನಂಟು, ಕಾಲು ಪೂರ್ತಿ ಸೋಲುವ ಮೊದಲು ಕೂಡದೇ ಹೋದರೆ?

ಮಕ್ಕಳ ವ್ಯಾನು ಬರುವುದು ತಡವಾಯಿತು. ಮಾವ ಎಂದಿನಂತೆ ಬೆಟ್ಟಕ್ಕೆ ಬೆನ್ನು ಮಾಡಿ ಆಟೋ ನಿಲ್ಲಿಸಿದರು. ಬೇಸರಕ್ಕೆ ನಾನು ಅವರ ಸೀಟಿನಲ್ಲಿ ಕೂತು ಕನ್ನಡಿ ನೋಡಿದೆ. ಹಿಂದಿನ ರಸ್ತೆ ಕಾಣಲಿಲ್ಲ. ಕನ್ನಡಿ ಮೇಲಕ್ಕೆ ವಾಲಿತ್ತು. ಅದರ ತುಂಬ ಬೆಟ್ಟದ ತುದಿ.

"ಮಾವ, ಇದರಲ್ಲಿ ಹಿಂದಿನ ಗಾಡಿಗಳೇ ಕಾಣುದಿಲ್ಲವಲ್ಲ?"

"ಬೇಕಾದವರು ಹಾರ್ನ್ ಹಾಕ್ತಾರೆ" ಎಂದು ಬೇರೆ ಕಡೆ ನೋಡಿದರು.

ಪಕ್ಕದಲ್ಲೇ ತೊರೆ ಹರಿಯುತ್ತಿತ್ತು. ಅವರ ಕೈ ಹಿಡಿದು ದಂಡೆಗೆ ಕರೆತಂದು ಕೂರಿಸಿದೆ. "ಸಾಕು ಮಾವ, ರಾಜಿಯಾಗಿ. ನಾನು ಪಾಸಾಗಿ ಕಾಲ ಎಷ್ಟಾಯಿತು? ಆಗಲೇ ಬಿಡಬಹುದಿತ್ತಲ್ಲ?"

ಮಾವ ನೀರಿಗೆ ಕಾಲು ಇಳಿಬಿಟ್ಟರು.

"ಆ ದಿನ ಯಾರನ್ನಾದರೂ ಬೈಯಲೇಬೇಕಿತ್ತು ಮಗಾ. ಜಗಲಿ ತುಂಬ ಜನ. ಅವರು ಶುರು ಮಾಡಿದ್ದರೆ ನೀನು ಮತ್ತೆ ಪುಸ್ತಕ ಮುಟ್ಟುತ್ತಿರಲಿಲ್ಲ. ಅದಕ್ಕೆ ನಾನೇ ಈ ಬೆಟ್ಟವನ್ನು ಬೈದೆ. ಇದು ದೊಡ್ಡದಲ್ಲವಾ, ತಡ್ಕೊಳ್ತದೆ."

"ಮತ್ತೆ ಇಷ್ಟು ವರ್ಷ?"

"ರಾಜಿಯಾದರೆ ಇದರದ್ದು ತಪ್ಪಿಲ್ಲ ಅಂತ ಆಗ್ತಿತ್ತು. ಆಗ ತಪ್ಪು ಪುನಃ ನಿನ್ನ ತಲೆಗೇ ಬರ್ತಿತ್ತಲ್ಲ?"

ಅಷ್ಟರಲ್ಲಿ ವ್ಯಾನಿನ ಸದ್ದು ಕೇಳಿಸಿತು. ಮಕ್ಕಳು "ಮೇಡಂ, ಮೇಡಂ" ಎನ್ನುತ್ತ ಇಳಿಯತೊಡಗಿದರು. ಮಾವ ಅವರನ್ನು ನೋಡಿದರು, ನನ್ನನ್ನು ನೋಡಿದರು. ಆಮೇಲೆ, ಎಷ್ಟೋ ವರ್ಷಗಳ ನಂತರ, ಕತ್ತೆತ್ತಿ ನೇರ ಬೆಟ್ಟವನ್ನು ನೋಡಿದರು.

"ಕೇಳಿತಾ? ಅವಳನ್ನು ಮೇಡಂ ಅಂತ ಕರೆಯುದು."

ಬಾಗಿ ಬೊಗಸೆ ತುಂಬ ನೀರೆತ್ತಿ ಕುಡಿದರು. ಮತ್ತೊಂದು ಬೊಗಸೆ ತುಂಬಿ ನನ್ನ ಕಡೆ ಚಾಚಿದರು.

"ನೀನೂ ಕುಡಿ ಮಗಾ. ನಿನಗೆ ಬರಬೇಕಿದ್ದ ಬೈಗುಳ ಎಲ್ಲ ತಿಂದದ್ದು ಇದೇ ಬೆಟ್ಟ."