ಅತ್ತೆ ಕೂತರೆ ಓಡುವ ಗಾಡಿ

ನಾನು ಓದಿದ್ದು ಏಳನೇ ಕ್ಲಾಸು. ಹೇಳಿಕೊಳ್ಳಲು ನನಗೆ ನಾಚಿಕೆಯೇನೂ ಇಲ್ಲ. ಯಾರೂ ಕೇಳದಿದ್ದರೂ ನಾನೇ ಹೇಳುತ್ತೇನೆ. ಏಕೆಂದರೆ ಅದರ ಹಿಂದೆಯೇ 'ಆದರೂ' ಎಂದು ಸೇರಿಸುವ ಸುಖ ಇದೆಯಲ್ಲ, ಅದು ಡಿಗ್ರಿ ಮಾಡಿದವರಿಗೆ ಸಿಗುವುದಿಲ್ಲ. ಏಳನೇ ಕ್ಲಾಸು, ಆದರೂ ಸ್ವಂತ ಗಾಡಿ. ಏಳನೇ ಕ್ಲಾಸು, ಆದರೂ ಇಷ್ಟು ವರ್ಷದಲ್ಲಿ ಒಬ್ಬ ಮೆಕ್ಯಾನಿಕ್ಕಿನ ಕೈಯೂ ನನ್ನ ಬಾನೆಟ್ಟಿನೊಳಗೆ ಹೋಗಿಲ್ಲ. ಬೆಲ್ಟು, ಬ್ರೇಕು, ಕ್ಲಚ್ಚು ಎಲ್ಲವೂ ನನ್ನ ಕೈಯಲ್ಲೇ. ಈ ಹೆಮ್ಮೆಯನ್ನು ನಾನು ಗಾಡಿಯ ಮೇಲೆ ಬರೆಸಿಲ್ಲ, ಅಷ್ಟೇ. ಜಾಗ ಇದ್ದಿದ್ದರೆ ಬರೆಸುತ್ತಿದ್ದೆ.

ಗಾಡಿ ಅಂದರೆ ಡೀಸೆಲ್ ಪಿಕಪ್ಪು. ನನ್ನ ಮಗಳಿಗಿಂತ ಎರಡು ವರ್ಷ ದೊಡ್ಡದು. ಮಗಳು ಮದುವೆಯಾಗಿ ಹೋದಳು, ಇದು ಮಾತ್ರ ಮನೆಯಲ್ಲೇ ಉಳಿದಿದೆ. ಅದರ ಡೀಸೆಲ್ ಮುಳ್ಳು ಸತ್ತು ಎಷ್ಟೋ ಕಾಲವಾಯಿತು, ನಾನು ಸರಿ ಮಾಡುವ ಗೋಜಿಗೆ ಹೋಗಿಲ್ಲ. ಟ್ಯಾಂಕಿನ ಹೊಟ್ಟೆಗೆ ಬೆರಳ ಗೆಣ್ಣಿನಿಂದ ಎರಡು ಸಲ ಬಡಿದು ಕಿವಿ ಕೊಟ್ಟು, ಹನ್ನೆರಡು ಲೀಟರ್ ಅಂದರೆ ಹನ್ನೆರಡು ಲೀಟರ್. ಮುಚ್ಚಳ ತೆಗೆದು ಇಣುಕುವುದು, ಕಡ್ಡಿ ಅದ್ದುವುದು, ಇವೆಲ್ಲ ತಮ್ಮ ಕಿವಿಯ ಮೇಲೆ ನಂಬಿಕೆ ಇಲ್ಲದವರು ಮಾಡುವ ಕೆಲಸ.

ನನಗೆ ಕೆಲಸ ಕೊಡುವವರು ಸಂತೇಬೆನ್ನೂರಿನಲ್ಲಿ ಶಾಮಿಯಾನ ಅಂಗಡಿ ಇಟ್ಟಿರುವ ಹಾಲೇಶಪ್ಪನವರು. ಕುರ್ಚಿ, ಜಮಖಾನ, ಹಂಡೆ, ಕೊಳಗ ಎಲ್ಲವನ್ನೂ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಅಂತ ಮದುವೆ ಇದ್ದಲ್ಲಿಗೆ ಮುಟ್ಟಿಸುವುದು ನಾನು. ಒಂದು ದಿನ ಅವರು ಮುಖ ಗಂಟು ಹಾಕಿಕೊಂಡು, "ಏನ್ರೀ ಇದು, ಜಮಖಾನೆಲ್ಲ ಡೀಸೆಲ್ ನಾತ ಹೊಡಿತೈತೆ. ಬೀಗ್ರು ಮೂಗು ಹಿಡ್ಕಂಡು ಹೋಳಿಗೆ ಉಂಡ್ರು" ಎಂದರು. ಹೋಗಿ ನೋಡಿದೆ. ಟ್ಯಾಂಕಿನ ಮುಚ್ಚಳದಲ್ಲಿ ಗುಂಡುಸೂಜಿಯಷ್ಟು ಒಂದು ತೂತು! ಗಾಡಿ ಕುಲುಕಿದಾಗೆಲ್ಲ ಅಲ್ಲಿಂದ ಡೀಸೆಲ್ ಚಿಮ್ಮುತ್ತಿತ್ತು. ಇಷ್ಟು ದೊಡ್ಡ ಕಂಪನಿ, ಇಷ್ಟೊಂದು ಇಂಜಿನಿಯರುಗಳು, ಒಂದು ತೂತು ಮುಚ್ಚುವುದನ್ನು ಮರೆತಿದ್ದಾರಲ್ಲ ಎಂದು ನನಗೆ ಅವರ ಮೇಲೆ ಕನಿಕರವೇ ಬಂತು. ಕರಿ ಉಂಡೆ ಬಿಳಿ ಉಂಡೆ ಕಲಸಿ ಹಚ್ಚುವ ಅಂಟು ತಂದು ತೂತು ಮುಚ್ಚಿ, ಒಳಗೊಂದು ಹೊಸ ರಬ್ಬರ್ ವಾಷರ್ ಕೂರಿಸಿ, ಮೇಲೆ ಬಣ್ಣವನ್ನೂ ಬಳಿದೆ. "ಇನ್ಮೇಲೆ ಒಂದು ಹನಿ ಹೊರಗೆ ಬಂದ್ರೆ ಕೇಳ್ರಿ" ಎಂದೆ. ಒಂದು ಹನಿಯೂ ಬರಲಿಲ್ಲ. ಈ ಸಂಗತಿಯನ್ನು ನೀವು ನೆನಪಿಟ್ಟುಕೊಳ್ಳಿ. ನಾನು ಮರೆತೆ.

ಮುಂದಿನ ವಾರ ಹೊನ್ನಾಳಿ ಇನ್ನೇನು ಬಂತು ಅನ್ನುವಾಗ ಗಾಡಿ ಎರಡು ಸಲ ಬಿಕ್ಕಿ ನಿಂತಿತು. ಬಾನೆಟ್ ಎತ್ತಿ ಕೈಪಂಪು ಒತ್ತಿದೆ, ಡೀಸೆಲ್ ಏರಲಿಲ್ಲ. ಫಿಲ್ಟರಿನ ಸ್ಕ್ರೂ ಸಡಿಲಿಸಿ ಏರ್ ಬಿಡಿಸಿದೆ, ಏರಲಿಲ್ಲ. ಬೈದೆ, ಆಗಲೂ ಏರಲಿಲ್ಲ. ಸೋತು ಅರ್ಧ ಗಂಟೆ ಬೇವಿನ ಮರದಡಿ ಕೂತು ಎದ್ದರೆ ಏನೂ ಆಗಿಲ್ಲವೆಂಬಂತೆ ಚಾಲೂ ಆಯಿತು. ಎರಡು ದಿನ ಬಿಟ್ಟು ನ್ಯಾಮತಿ ದಾರಿಯಲ್ಲಿ ಮತ್ತೆ ಅದೇ ಕಥೆ. ಆವತ್ತು ಹಂಡೆ, ಕೊಳಗ ಎಲ್ಲ ನನ್ನ ಗಾಡಿಯಲ್ಲೇ ಇದ್ದುದರಿಂದ ಬೆಳಗಿನ ಉಪ್ಪಿಟ್ಟು ಮಧ್ಯಾಹ್ನಕ್ಕೆ ಆಯಿತಂತೆ. ಗಂಡಿನ ಕಡೆಯವರು ಬರೀ ಚಹಾ ಕುಡಿದು ತಾಳಿ ಕಟ್ಟಿಸಿದರಂತೆ. ಹಾಲೇಶಪ್ಪನವರು ಕೂಗಾಡಲಿಲ್ಲ. ಮೆಲ್ಲಗೆ, "ನೋಡ್ರಿ, ಇನ್ನೊಂದು ಸಲ ನಿಂತ್ರೆ ಬಾಡಿಗೆ ಹೊಸ ಗಾಡಿಯೋರಿಗೆ ಕೊಡ್ತೀನಿ. ಇಲ್ಲಾ ಮೆಕ್ಯಾನಿಕ್‌ಗೆ ತೋರಿಸ್ರಿ" ಎಂದರು. ಬಾಡಿಗೆ ಹೋದರೆ ಹೊಟ್ಟೆಗೆ ಕಷ್ಟ, ಮೆಕ್ಯಾನಿಕ್ಕಿಗೆ ತೋರಿಸಿದರೆ ಮೂಗಿಗೆ ಕಷ್ಟ. ನನಗೆ ಹೊಟ್ಟೆಯೂ ಬೇಕಿತ್ತು, ಮೂಗೂ ಬೇಕಿತ್ತು.

ಆಮೇಲೆ ನಾನು ಮಾಡದ ಚಿಕಿತ್ಸೆ ಇಲ್ಲ. ಡೀಸೆಲ್‌ನಲ್ಲಿ ನೀರು ಸೇರಿದೆ ಎಂದು ಚಹಾ ಅಂಗಡಿಯವನು ಹೇಳಿದ, ಫಿಲ್ಟರ್ ಬದಲಿಸಿದೆ. ಪೈಪು ಒಳಗೇ ಬಿರುಕು ಬಿಟ್ಟಿದೆ ಎಂದು ಲಾರಿಯವನು ಹೇಳಿದ, ಪೈಪು ಬದಲಿಸಿದೆ. ಫೀಡ್ ಪಂಪು ಬಿಚ್ಚಿ ಅಡಿಗೆಮನೆಯ ತಟ್ಟೆಯಲ್ಲಿ ತೊಳೆದೆ. ಅದಕ್ಕೆ ಮನೆಯಲ್ಲಿ ನನಗೆ ಬೇರೆಯೇ ಚಿಕಿತ್ಸೆ ಆಯಿತು. ಕೊನೆಗೆ ಟ್ಯಾಂಕನ್ನೇ ತೊಳೆದು, ಮುಚ್ಚಳವನ್ನು ಕಾಂಪೌಂಡಿನ ಮೇಲೆ ಬಿಸಿಲಿಗಿಟ್ಟು, ಬೆಳಗಿನಿಂದ ಮಧ್ಯಾಹ್ನದವರೆಗೆ ಅಂಗಳದಲ್ಲೇ ಇಂಜಿನ್ ಓಡಿಸಿದೆ. ಒಂದು ಕೆಮ್ಮು ಇಲ್ಲ, ಬಿಕ್ಕು ಇಲ್ಲ. ಮುಚ್ಚಳ ಬಿಗಿದು ರಸ್ತೆಗೆ ಇಳಿಸಿದೆ, ಖಾಲಿ ಗಾಡಿ, ಅರ್ಧ ದಾರಿಯಲ್ಲಿ ನಿಂತಿತು. ಅಂಗಳದಲ್ಲಿ ಓಡುತ್ತದೆ, ರಸ್ತೆಯಲ್ಲಿ ನಿಲ್ಲುತ್ತದೆ. ಈ ಗಾಡಿಗೆ ರಸ್ತೆ ಕಂಡರೆ ಆಗುವುದಿಲ್ಲ ಎಂಬ ತೀರ್ಮಾನಕ್ಕೆ ನಾನು ಬಂದೆ. ಏಳನೇ ಕ್ಲಾಸಿನವನಿಗೆ ಅದಕ್ಕಿಂತ ಹೆಚ್ಚು ತೋಚಲಿಲ್ಲ.

ಹೀಗಿರುವಾಗ ಜಗಳೂರಿನ ಬಾಡಿಗೆ ಬಂತು. ಇದು ತಪ್ಪಿದರೆ ಎಲ್ಲ ತಪ್ಪಿದ ಹಾಗೆ. ಹೊರಡುವಾಗ ನನ್ನ ಹೆಂಡತಿ ನಾಗರತ್ನ, "ನಮ್ಮವ್ವನ್ನ ಬಿಳಿಚೋಡಿನಾಗೆ ಚಿಕ್ಕವ್ವನ ಮನಿ ಹತ್ರ ಇಳಿಸ್ರಿ" ಎಂದಳು. ನಮ್ಮ ಅತ್ತೆ ಗಂಗಮ್ಮ, ಮಾವ ತೀರಿಕೊಂಡ ಮೇಲೆ ನಮ್ಮಲ್ಲೇ ಇದ್ದಾರೆ. ಅವರ ಕಡೆ ಒಂದು ಹಳೇ ಪದ್ಧತಿ: ಅತ್ತೆಯಾದವಳು ಅಳಿಯನ ಜೊತೆ ನೇರವಾಗಿ ಮಾತಾಡಬಾರದು. ಮನೆಯಲ್ಲಾದರೆ ಮಗಳ ಮೂಲಕ ಮಾತು. ಗಾಡಿಯಲ್ಲಿ ಮಗಳಿಲ್ಲವಲ್ಲ, ಗಾಜಿನ ಮುಂದೆ ಅಂಟಿಸಿದ್ದ ದೇವರ ಫೋಟೋಗೆ ಹೇಳತೊಡಗಿದರು. ಹತ್ತು ಮೈಲಿ ಹೋಗಿರಲಿಲ್ಲ, "ಡೀಸಲ್ ಐತೋ ಇಲ್ಲೋ ನನ್ನಪ್ಪಾ, ಒಂದ್ಸಲ ನೋಡಬೌದಿತ್ತು" ಎಂದು ಫೋಟೋಗೆ ಕೈಮುಗಿದರು. "ಹನ್ನೆರಡು ಲೀಟರ್ ಐತೆ ಅತ್ತೆ" ಎಂದು ನಾನೂ ಫೋಟೋಗೇ ಹೇಳಿದೆ. ಅವರಿಗೆ ನನ್ನ ಕಿವಿಯ ಮೇಲೆ ನಂಬಿಕೆ ಇಲ್ಲ. ಚಹಾಕ್ಕೆ ನಿಲ್ಲಿಸಿದಾಗ ತಾವೇ ಇಳಿದು, ಮುಚ್ಚಳ ತಿರುವಿ, ಪೊರಕೆ ಕಡ್ಡಿ ಅದ್ದಿ ನೋಡಿದರು. ಮುಂದೆ ದಾವಣಗೆರೆಯಲ್ಲಿ ಎಲೆ ಅಡಿಕೆಗೆ ನಿಲ್ಲಿಸಿದಾಗಲೂ ನೋಡಿದರು. ಬಿಳಿಚೋಡಿನಲ್ಲಿ ಇಳಿಯುವ ಮೊದಲು ಇನ್ನೊಮ್ಮೆ. ಗಾಡಿ ಜಗಳೂರಿನವರೆಗೆ ಒಮ್ಮೆಯೂ ಬಿಕ್ಕಲಿಲ್ಲ!

ಮರಳುವಾಗ ಅವರನ್ನು ಹತ್ತಿಸಿಕೊಂಡೆ, ಆಗಲೂ ನಿಲ್ಲಲಿಲ್ಲ. ಮಾರನೆ ದಿನ ಅವರಿಲ್ಲದೆ ಸೊಸೈಟಿಯಿಂದ ಗೊಬ್ಬರ ತರಲು ಹೋದೆ, ನಿಂತಿತು. ಅದರ ಮಾರನೆ ದಿನ ಅವರನ್ನು ಕೂರಿಸಿಕೊಂಡು ಹೋದೆ, ಓಡಿತು. ಇನ್ನೇನು ಬೇಕು? "ನಮ್ಮವ್ವನ ಕಾಲ್ಗುಣ" ಎಂದಳು ನಾಗರತ್ನ. ಹಾಲೇಶಪ್ಪನವರು ಇದನ್ನು ಮದುವೆ ಮನೆಗಳಲ್ಲೆಲ್ಲ ಹೇಳಿ ಹಬ್ಬಿಸಿದರು. ಗಿರಾಕಿಗಳು ಫೋನ್ ಮಾಡಿ ಕುರ್ಚಿ ಎಷ್ಟು ಎಂದು ಕೇಳುವ ಮೊದಲು "ಗಂಗಜ್ಜಿ ಬರ್ತಾರಲ್ರೀ?" ಎಂದು ಕೇಳತೊಡಗಿದರು. ಹೋದಲ್ಲೆಲ್ಲ ಅತ್ತೆಗೆ ಮೊದಲ ಪಂಕ್ತಿ, ಕುಪ್ಪಸದ ಬಟ್ಟೆ, ಕಟ್ಟಿಸಿಕೊಳ್ಳಲು ಬೂಂದಿ. ನಾನು ಹಂಡೆ ಇಳಿಸುತ್ತಿದ್ದೆ.

ಒಂದು ದಿನ ಚನ್ನಗಿರಿಯ ಬಾಡಿಗೆ ಇರುವಾಗಲೇ ಅತ್ತೆಯ ದವಡೆ ಬಾತುಕೊಂಡು ಹಲ್ಲಿನ ಡಾಕ್ಟರ ಹತ್ತಿರ ಹೋಗಬೇಕಾಯಿತು. ಹಾಲೇಶಪ್ಪನವರ ಮುಖ ಇಳಿದುಹೋಯಿತು. ತುಂಬ ಹೊತ್ತು ಯೋಚಿಸಿ, "ಕಾಲ್ಗುಣ ಅಂದಮ್ಯಾಲೆ ಇರೋದು ಕಾಲಿನಾಗೆ ತಾನೇ? ಅಜ್ಜಿ ಚಪ್ಲಿ ಆದ್ರೂ ಇಟ್ಕಂಡು ಹೋಗ್ರಿ" ಎಂದರು. ನಗಬೇಡಿ. ನಾನು ಇಟ್ಟುಕೊಂಡೆ. ಮುಂದಿನ ಸೀಟಿನ ಮೇಲೆ ಪೇಪರ್ ಹಾಸಿ, ಅದರ ಮೇಲೆ ಅತ್ತೆಯ ಹವಾಯಿ ಚಪ್ಪಲಿ, ಮುಖ ರಸ್ತೆಯ ಕಡೆಗೆ. ಆದರೂ ಇರಲಿ ಎಂದು ನನ್ನದೂ ಒಂದು ಉಪಾಯ ಮಾಡಿದೆ. ಟ್ಯಾಂಕಿನ ಸಹವಾಸವೇ ಬೇಡವೆಂದು ಐದು ಲೀಟರಿನ ಪ್ಲಾಸ್ಟಿಕ್ ಕ್ಯಾನಿಗೆ ಡೀಸೆಲ್ ತುಂಬಿ, ಬಾನೆಟ್ ಪಕ್ಕ ಕಟ್ಟಿ, ಅಡಿಯಿಂದ ಪೈಪು ಎಳೆದು ನೇರ ಪಂಪಿಗೆ ಕೊಟ್ಟೆ. ಕುಲುಕಿ ಚೆಲ್ಲಬಾರದಲ್ಲ, ಮುಚ್ಚಳವನ್ನು ಗಟ್ಟಿಯಾಗಿ ಬಿಗಿದೆ. ನಾನು ಯಾವುದನ್ನಾದರೂ ಬಿಗಿದರೆ ಬಿಗಿದಂತೆಯೇ.

ಸೂಳೆಕೆರೆ ಏರಿಯ ಮೇಲೆ ಗಾಡಿ ನಿಂತಿತು. ಚಪ್ಪಲಿಯನ್ನು ನೋಡಿದೆ. ಅದು ನನ್ನನ್ನು ನೋಡಲಿಲ್ಲ, ರಸ್ತೆಯನ್ನೇ ನೋಡುತ್ತಿತ್ತು. ಚನ್ನಗಿರಿಯಲ್ಲಿ ಅಡಿಗೆಯವರು ಒಲೆ ಹೊತ್ತಿಸಿ ಕೊಳಗಕ್ಕೆ ಕಾಯುತ್ತಿದ್ದರು, ಫೋನಿನ ಮೇಲೆ ಫೋನು. ಇಳಿದು ನೋಡಿದರೆ ನನ್ನ ಕ್ಯಾನು ನಾಲ್ಕೂ ಕಡೆಯಿಂದ ಒಳಗೆ ಹೋಗಿ, ಯಾರೋ ಕತ್ತು ಹಿಸುಕಿದ ಹಾಗಾಗಿತ್ತು. ಗಾಬರಿಯಿಂದ ಮುಚ್ಚಳ ತಿರುವಿದೆ. ಉಸ್ ಎಂದು ಗಾಳಿ ಎಳೆದುಕೊಂಡು, ಟಪ್ ಎಂದು ಕೆನ್ನೆ ತುಂಬಿಕೊಂಡಿತು. ಕೀ ತಿರುಗಿಸಿದೆ, ಗಾಡಿ ಚಾಲೂ! ಒಳಗಿನ ಡೀಸೆಲ್ ಇಂಜಿನ್ನಿಗೆ ಹೋಗಬೇಕಾದರೆ ಅದರ ಜಾಗಕ್ಕೆ ಹೊರಗಿನ ಗಾಳಿ ಬರಬೇಕು. ಇದು ಎಂಟನೇ ಕ್ಲಾಸಿನಲ್ಲಿ ಬರುತ್ತದಂತೆ. ಒಂದೇ ಒಂದು ವರ್ಷದಲ್ಲಿ ತಪ್ಪಿತು ನೋಡಿ.

ಕೊಳಗ ಮುಟ್ಟಿಸಿ, ಮನೆಗೆ ಬಂದವನೇ ಯಾರೂ ನೋಡದಂತೆ ಮುಚ್ಚಳದ ಬಣ್ಣ ಕೆರೆದು, ಮೊಳೆ ಹೊಡೆದು ಕಂಪನಿಯ ತೂತನ್ನು ಕಂಪನಿಗೆ ವಾಪಸ್ ಕೊಟ್ಟೆ. ಚೆಲ್ಲದಿರಲು ಟ್ಯಾಂಕನ್ನು ಕಂಠಮಟ್ಟ ತುಂಬಿಸದಿದ್ದರೆ ಆಗಿತ್ತು. ಯಾರಿಗೂ ಹೇಳಲಿಲ್ಲ. ಹೇಳಿದರೆ ತೂತು ಮುಚ್ಚಿದವರು ಯಾರು ಎಂಬ ಪ್ರಶ್ನೆ ಬರುತ್ತದೆ.

ಮುಂದಿನ ಬಾಡಿಗೆಗೆ ಅತ್ತೆ ಎಂದಿನಂತೆ ಬಂದರು. ಚಹಾಕ್ಕೆ ನಿಲ್ಲಿಸಿದಾಗ ಇಳಿದು ಮುಚ್ಚಳ ತಿರುವಿ, ಒಂದು ಕ್ಷಣ ಕಿವಿ ಕೊಟ್ಟು, ವಾಪಸ್ ಬಂದು ಕೂತು ಫೋಟೋಗೆ ಹೇಳಿದರು: "ಇವತ್ತು ಉಸ್ ಅನ್ಲಿಲ್ಲ ನನ್ನಪ್ಪಾ. ಅಂತೂ ಅಳಿಯಂದ್ರು ತೂತು ತೆಗೆದ್ರು."

ನನ್ನ ಕಾಲು ತಾನೇ ಬ್ರೇಕು ಒತ್ತಿತು. ಗಾಡಿ ಇನ್ನೂ ಹೊರಟಿರಲಿಲ್ಲ, ಆದರೂ. "ಅತ್ತೆ, ನಿಮಗೆ ಗೊತ್ತಿತ್ತಾ?"

"ಹೊನ್ನಾಳ್ಯಾಗೆ ಇವರ ಮಾವಂದು ಎಣ್ಣಿ ಅಂಗಡಿ ಇತ್ತಲ್ಲಪ್ಪಾ," ಎಂದರು ಫೋಟೋಗೆ. "ದಿನಾ ಡಬ್ಬಿಗೆ ಎರಡು ತೂತು ಹೊಡೀತಿದ್ದೆ. ಒಂದು ಎಣ್ಣಿ ಬರಾಕೆ, ಒಂದು ಗಾಳಿ ಹೋಗಾಕೆ. ಮೊದಲ್ನೇ ದಿನಾನೇ ಗೊತ್ತಾತು."

"ಮತ್ತೆ ಹೇಳಾಕೆ ಏನಾಗಿತ್ತು?"

"ಅಳಿಯನ ತಪ್ಪು ಅತ್ತಿ ಬಾಯಾಗೆ ಬರಬಾರ್ದು. ಪದ್ಧತಿ ಅಂತ ಒಂದು ಇರಂಗಿಲ್ಲೇನಪ್ಪಾ? ಅದುಕ್ಕೇ ನಾನೇ ಇಳಿದಿಳಿದು ಮುಚ್ಚಳ ತೆಗೀತಿದ್ದೆ." ಸೆರಗು ಸರಿಮಾಡಿಕೊಂಡು ಸೇರಿಸಿದರು: "ಬೂಂದೀನೂ ಚೆಂದಾಗಿರ್ತಿತ್ತು."

ಪಾಠ ಇಲ್ಲಿಗೆ ಮುಗಿಯಿತು ಎಂದುಕೊಂಡಿದ್ದೆ. ಮೊನ್ನೆ ಹಾಲೇಶಪ್ಪನವರ ಫೋನು. ನ್ಯಾಮತಿಯಲ್ಲಿ ಅವರ ಷಡ್ಡಕರ ಹಳೇ ಪಿಕಪ್ಪು ನಿಂತಿದೆಯಂತೆ, ಡೀಸೆಲ್ ಏರುತ್ತಿಲ್ಲವಂತೆ. ನನ್ನ ಎದೆ ಉಬ್ಬಿತು. ಟ್ಯಾಂಕಿನಿಂದ ನಾಜಲ್ಲಿನವರೆಗೆ ಈಗ ನನಗೆ ತಿಳಿಯದ್ದು ಏನಿದೆ? "ಈಗ್ಲೇ ಸ್ಪಾನರ್ ತಗಂಡು ಬಂದೆ ಸಾಹುಕಾರ್ರೆ" ಎಂದೆ. "ನೀವ್ಯಾಕ್ರೀ ತ್ರಾಸು ತಗಂತೀರಿ," ಎಂದರು ಅವರು. "ಅಜ್ಜಿನ ಬಸ್ ಹತ್ತಿಸ್ರಿ ಸಾಕು."

ಹತ್ತಿಸಿದೆ. ಸಂಜೆ ಅತ್ತೆ ಹೊಸ ಕುಪ್ಪಸದ ಬಟ್ಟೆ, ಬೂಂದಿ ಪೊಟ್ಟಣದೊಡನೆ ಬಂದರು, ಗಾಡಿ ಓಡಿತಂತೆ. ಅಲ್ಲಿ ಏನಾಗಿತ್ತು ಎಂದು ಕೇಳಲು ನಾಲಿಗೆ ತುದಿಯವರೆಗೂ ಬಂತು. ಕೇಳಲಿಲ್ಲ. ಅಳಿಯನಾದವನು ಅತ್ತೆಗೆ ಗಾಡಿಯ ವಿಷಯ ಕೇಳಬಾರದು ಎಂಬ ಪದ್ಧತಿ ನಮ್ಮ ಮನೆತನದಲ್ಲೂ ಇದೆ. ಆವತ್ತು ಸಂಜೆಯಿಂದ.