ಮಂತಿ ಬೇಯಿಸಿದ ಜೀವಕೋಶ

ಇನ್ಸ್‌ಪೆಕ್ಟರು ಬರುವ ದಿನ ಬೆಳಗ್ಗೆ ಹೆಡ್‌ಮಾಸ್ಟರು ಜುಮಾಬೆಕ್ ಜೀವಕೋಶದ ಮೇಲೆ ಕೂತುಬಿಟ್ಟರು. ಬೆಕ್ತೂರ್ ವಾರವಿಡೀ ಜೇಡಿಮಣ್ಣಿನಲ್ಲಿ ಮಾಡಿ ಕುರ್ಚಿಯ ಮೇಲೆ ಒಣಗಲಿಟ್ಟಿದ್ದ ಮಾದರಿ ಅದು. ಅವರು ಎದ್ದಾಗ ತಟ್ಟಿದ ಬೆರಣಿಯಂತಿತ್ತು.

ಬೆಕ್ತೂರ್ ಮೂಲತಃ ಆಟದ ಮೇಷ್ಟ್ರು. ನರಿನ್ ಊರಿನ ಹಿಮದಲ್ಲಿ ವರ್ಷಗಟ್ಟಲೆ ಸೀಟಿ ಊದಿ ಮೂಗು ಬದನೆಕಾಯಿಯ ಬಣ್ಣಕ್ಕೆ ತಿರುಗಿದ ಮೇಲೆ ಜೀವಶಾಸ್ತ್ರದ ಬೆಚ್ಚನೆಯ ಕೋಣೆ ತಾತ್ಕಾಲಿಕವಾಗಿ ಸಿಕ್ಕಿತ್ತು. ಇವತ್ತಿನ ಪಾಠ ಮೆಚ್ಚಿಗೆಯಾದರೆ ಕೋಣೆ ಅವನದು. ಇಲ್ಲದಿದ್ದರೆ ಮತ್ತೆ ಮೈದಾನ.

"ಮಂತಿ ಮಾಡೋಣ ಬಿಡಿ ಅಗಾಯ್," ಎಂದಳು ಇತಿಹಾಸದ ಟೀಚರ್ ಗುಲ್ಜಾತ್, ಬೆಕ್ತೂರನಿಗೆ. ಮೇಷ್ಟ್ರನ್ನು ಅಲ್ಲಿ ಅಗಾಯ್ ಎಂದೇ ಕರೆಯುವುದು. ಆ ಕೋಣೆಯ ಮೇಲೆ ಅವಳಿಗೂ ಕಣ್ಣಿತ್ತು. "ನಾವೇ ಕೋಶ ಆಗ್ತೀವಿ. ಮಂತಿನೇ ಪ್ರೋಟೀನು."

ಕೋಣೆಯೇ ಕೋಶ, ಬಾಗಿಲೇ ಕೋಶಪೊರೆ. ಒಳಗಡೆ ಕೋಶಕೇಂದ್ರದಲ್ಲಿ ಕೂತ ಹೆಡ್‌ಮಾಸ್ಟರು ಮಂತಿ ಎಂಬ ಮಾಂಸದ ಕಡುಬು ಮಾಡುವ ವಿಧಾನ ಬರೆದು ಚೀಟಿ ಕಳಿಸಬೇಕು. ರೈಬೋಸೋಮ್‌ಗಳಾದ ಮಕ್ಕಳು ಅದನ್ನೋದಿ ಹಿಟ್ಟಿಗೆ ಕುರಿಮಾಂಸ ಸೇರಿಸಬೇಕು. ಎಂಡೋಪ್ಲಾಸ್ಮಿಕ್ ಜಾಲವಾದ ಹಿಂದಿನ ಬೆಂಚು ಅದನ್ನು ಮಡಚಬೇಕು. ಹಬೆಯಲ್ಲಿ ಬೆಂದದ್ದನ್ನು ಗಾಲ್ಗಿಯಾದ ಗುಲ್ಜಾತ್ ಬುಟ್ಟಿಗೆ ತುಂಬಿ ವಿಳಾಸ ಹಾಕಿದರೆ, ಬುಟ್ಟಿ ಬಾಗಿಲು ದಾಟಿ ಹೊರಗೆ ಕೂತ ಇನ್ಸ್‌ಪೆಕ್ಟರ ಮುಂದೆ ಹೋಗಬೇಕು. ನೀರು, ಸೌದೆ, ಒಲೆ ಬೆಕ್ತೂರನ ಪಾಲು.

ಇನ್ಸ್‌ಪೆಕ್ಟರು ಸಲ್ತನತ್ ಬಂದರು, ಎಲ್ಲರೂ ಎಜೆ, ಅಂದರೆ ಅಕ್ಕ, ಎಂದು ಕರೆಯುವ ಹೆಂಗಸು. ಬಾಗಿಲಾಚೆಯ ಕುರ್ಚಿ ನೋಡಿ ಹೆಡ್‌ಮಾಸ್ಟರ ಮುಖ ಕಪ್ಪಿಟ್ಟಿತು.

"ಅತಿಥೀನ ಬಾಗಿಲ ಹತ್ರ ಕೂರಿಸ್ತಾರೇನೋ? ಒಳಗ್ ಬನ್ನಿ ಎಜೆ, ನನ್ನ ಜಾಗದಲ್ಲಿ ಕೂತ್ಕೊಳ್ಳಿ."

"ಅಗಾಯ್, ಅದು ಕೋಶಕೇಂದ್ರ..."

"ಇರಲಿ. ಮರ್ಯಾದೆ ಅದಕ್ಕಿಂತ ದೊಡ್ಡದು."

ಸಲ್ತನತ್ ಚೀಟಿ ಕಳಿಸಿದ್ದೇ ಕಳಿಸಿದ್ದು. ಬುಟ್ಟಿಗಳು ಹೊರಟವು. ವಾಸನೆ ಹಿಡಿದು ಬಂದ ಮೇಷ್ಟ್ರುಗಳು, ಕಾವಲುಗಾರ, ಯಾರದೋ ಅಜ್ಜಿ, ಎಲ್ಲರೂ ಬಾಗಿಲಾಚೆ ನಿಂತು ಉಂಡರು. ಸಲ್ತನತ್ ಮುಂದಿನ ತಟ್ಟೆ ತೊಳೆದಿಟ್ಟ ಹಾಗೇ ಇತ್ತು.

"ಎಜೆ, ಕೋಶದಲ್ಲೂ ಹೀಗೇ," ಎಂದ ಬೆಕ್ತೂರ್. "ಹೊರಗೆ ಕಳಿಸೋಕೇ ಮಾಡಿದ ಪ್ರೋಟೀನು. ಚೀಟಿ ಕಳಿಸಿದವರಿಗೆ ಏನೂ ಉಳಿಯಲ್ಲ."

ಸಲ್ತನತ್ ನಕ್ಕರು. "ಎಷ್ಟೋ ಪಾಠ ನೋಡಿದೀನಿ. ಇವತ್ತು ಅರ್ಥ ಆಯ್ತು."

ಬೆಕ್ತೂರನಿಗೆ ಬೆಚ್ಚನೆಯ ಕೋಣೆ ಕಣ್ಣಿಗೆ ಕಟ್ಟಿತು. ಅಷ್ಟರಲ್ಲಿ ಗುಲ್ಜಾತ್ ಸೆರಗಿಲ್ಲದಿದ್ದರೂ ಸೆರಗಿನಡಿಯಿಂದ ತೆಗೆದಂತೆ ಮುಚ್ಚಿದ ಬಟ್ಟಲೊಂದನ್ನು ತೆಗೆದಳು. ಮೇಲೆ ಚೀಟಿ: ಸಲ್ತನತ್ ಎಜೆ.

"ವಿಳಾಸ ಹಾಕೋದು ಗಾಲ್ಗಿ ಕೆಲ್ಸ ಅಲ್ವಾ ಎಜೆ?"

ಸಲ್ತನತ್ ತಿಂದರು, ಬೆರಳು ಒರೆಸಿಕೊಂಡರು. "ಈ ವಿಷಯ ಬಲ್ಲವಳು ನೀನು," ಎಂದು ಗುಲ್ಜಾತಳಿಗೆ ಹೇಳಿ, ಮೈಯೆಲ್ಲ ಮಸಿಯಾಗಿ ಏದುತ್ತಿದ್ದ ಬೆಕ್ತೂರನತ್ತ ತಿರುಗಿದರು. "ನೀವು ಯಾವ ಭಾಗ?"

"ಮೈಟೊಕಾಂಡ್ರಿಯ, ಎಜೆ. ಎಲ್ಲರಿಗೂ ಶಕ್ತಿ ಒದಗಿಸೋದು."

"ಇಷ್ಟು ಶಕ್ತಿ ಇರೋರನ್ನ ಕೋಣೆಯೊಳಗೆ ಕೂಡಿಹಾಕೋದಾ? ಇವರನ್ನ ಮೈದಾನಕ್ಕೆ ಬಿಡಿ."

ಹೆಡ್‌ಮಾಸ್ಟರು ಬೆಕ್ತೂರನ ಬೆನ್ನು ತಟ್ಟಿದರು. "ಬೇಜಾರ್ ಮಾಡ್ಕೋಬೇಡ ಕಣೋ. ಪಾಠ ಪಾಸಾಯ್ತಲ್ಲ."

ಬೆಕ್ತೂರ್ ಮೊಳೆಯಿಂದ ಸೀಟಿ ತೆಗೆದುಕೊಂಡು ಕೋಶಪೊರೆ ದಾಟಿದ. ಹೊರಗೆ ಹಿಮ ಶುರುವಾಗಿತ್ತು.